ಹುಳಿಮಣ್ಣಿನ ನಗು

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ತಂಗಿಯ ಮಗಳು ನಯನಾ ಬರೆಯುತ್ತಿದ್ದೇನೆ. ನಮ್ಮ ಮಾತೆಲ್ಲ ತುಳುವಿನಲ್ಲೇ ಆಗುತ್ತಿತ್ತು. ಆದರೆ ನೀವು ದಿನಾ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಕನ್ನಡ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದವರು, ಇದನ್ನೂ ಓದುತ್ತೀರಿ ಎಂದುಕೊಂಡಿದ್ದೇನೆ. ಎಲ್ಲಿ ಕುಳಿತು ಓದುತ್ತೀರೋ… ಇರಲಿ.

ಆ ಮಳೆಗಾಲ ನೆನಪುಂಟಾ? ಕಾಪುವಿನ ಗದ್ದೆಯಲ್ಲಿ ನೀವೂ ಸೊಸೆ ಪ್ರಮೀಳಾ ಅತ್ತಿಗೆಯೂ ಭತ್ತದ ನೇಜಿ ನೆಡುತ್ತಿದ್ದಿರಿ. ನಾನು ಬದುವಿನ ಮೇಲಿದ್ದೆ. ಮಣಿಪಾಲದ ಲ್ಯಾಬಿನಲ್ಲಿ ನನಗೆಂತ ಕೆಲಸ ಎಂದು ಕೇಳಿದಿರಿ. "ಮಣ್ಣಿನ ಉಸಿರು ಅಳೆಯುವುದು" ಎಂದೆ. "ಅದಕ್ಕೆ ಸಂಬಳವೂ ಉಂಟಾ ಮಾರಾಯ್ತಿ?" ಎಂದಿರಿ.

ಆಮೇಲೆ ನಾನು ಬಿಡಿಸಿ ಹೇಳಿದೆ. ಹಾಕಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಗಾಳಿಯಾಡದ ಒದ್ದೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನೇ ಉಸಿರಾಡಿಕೊಂಡು ಬದುಕುತ್ತವೆ. ಹಂತ ಹಂತವಾಗಿ ಒಡೆದು ಕೊನೆಗೆ ಯಾರಿಗೂ ತೊಂದರೆಯಿಲ್ಲದ ನೈಟ್ರೋಜನ್ ಮಾಡಿ ಆಕಾಶಕ್ಕೆ ಬಿಡುತ್ತವೆ. ಆದರೆ ನಮ್ಮ ಕರಾವಳಿಯ ಮಣ್ಣು ಹುಳಿ. ಹುಳಿಮಣ್ಣಿನಲ್ಲಿ ಕೊನೆಯ ಹಂತದ ಕಿಣ್ವ ಸರಿಯಾಗಿ ತಯಾರಾಗುವುದೇ ಇಲ್ಲ. ಕೆಲಸ ಅರ್ಧಕ್ಕೆ ನಿಂತು ನಗೆ ಅನಿಲ ಹೊರಗೆ ಬರುತ್ತದೆ, ಭೂಮಿಯನ್ನು ಬಿಸಿ ಮಾಡುತ್ತದೆ. ನೀವು ಕೈಯಲ್ಲಿ ನೇಜಿಯ ಕಟ್ಟು ಹಿಡಿದುಕೊಂಡು ನೆಟ್ಟಗೆ ನಿಂತಿರಿ. "ಹಾಗಾದರೆ ಗದ್ದೆ ನಗ್ತದಾ? ಯಾರನ್ನು ನೋಡಿ?" ನಾವಿಬ್ಬರೂ ನಕ್ಕೆವು. ಅತ್ತಿಗೆ ನಗಲಿಲ್ಲ.

ನೀವು ಹೋದಾಗ ನಾನು ಡೆಂಗ್ಯೂ ಜ್ವರದಲ್ಲಿ ಮಲಗಿದ್ದೆ. ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಬಂದು ಎಲೆಯ ಮುಂದೆ ಕುಳಿತು ಎದ್ದು ಹೋದೆ. ಗದ್ದೆಗೆ ಇಳಿಯುವ ಶಕ್ತಿ ಇರಲಿಲ್ಲ. ಮರುವರ್ಷದ ಮಳೆಯಲ್ಲಿ, ಅಳೆಯುವ ಪೆಟ್ಟಿಗೆಗಳನ್ನು ನಿಮ್ಮ ಗದ್ದೆಯಲ್ಲಿ ಇಡಬಹುದೇ ಎಂದು ನಿಮ್ಮ ಮಗ ಸದಣ್ಣನನ್ನು ಕೇಳಿದೆ. "ಇಡು. ಈ ಮಳೆಗಾಲ ಒಂದೇ. ಮತ್ತೆ ಗದ್ದೆ ಇರುವುದಿಲ್ಲ" ಎಂದ. ಕಾರ್ಕಳದ ಕ್ವಾರಿಯಿಂದ ಕಲ್ಲುಪುಡಿ ತರಿಸಿ ತುಂಬಿಸುವುದೆಂದು ಮಾತಾಗಿತ್ತು. ಯಾಕೆ ಎಂದು ಕೇಳಿದರೆ ಅತ್ತಿಗೆಯ ಮುಖ ನೋಡಿದ.

ಅತ್ತಿಗೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದಳು: "ಮಧ್ಯಾಹ್ನ ಆ ಕಡೆ ಹೋಗಬೇಡ ನಯನಾ. ನಗುವುದು ಕೇಳ್ತದೆ. ಅತ್ತೆ ಕುಲೆಯಾಗಿದ್ದಾರೆ." ದಾರಿ ಸಿಗದೆ ಇಲ್ಲೇ ಉಳಿದ ಸತ್ತವರನ್ನು ನಮ್ಮಲ್ಲಿ ಕುಲೆ ಎನ್ನುತ್ತಾರಲ್ಲ. ನೀವು, ಅವಳಿಗೆ ಒಂದು ಗಟ್ಟಿ ಮಾತೂ ಆಡದ ನೀವು, ಅವಳನ್ನು ಹೆದರಿಸುತ್ತೀರಾ?

ಗದ್ದೆಯ ನೀರು ಇಳಿದು ಮಣ್ಣು ಇನ್ನೂ ಒದ್ದೆಯಾಗಿದ್ದಾಗ ಪೆಟ್ಟಿಗೆಗಳನ್ನು ಬೋರಲು ಹಾಕಿದೆ. ಎಲ್ಲದರಲ್ಲೂ ನಗೆ ಅನಿಲ ಏರಿತು. ಪಡುವಣ ಮೂಲೆಯ ಒಂದರಲ್ಲಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಸೋರುತ್ತಿದೆ ಎಂದು ಪೆಟ್ಟಿಗೆ ಬದಲಿಸಿದೆ, ಆಗಲೂ ಅಷ್ಟೇ. ಮಣ್ಣು ತೆಗೆದು ನೋಡಿದರೆ ಅಲ್ಲಿ ಹುಳಿಯೇ ಇಲ್ಲ. ಸುತ್ತ ನಾಲ್ಕೂ ಕಡೆ ಹುಳಿ, ನಡುವೆ ಒಂದು ಚಾಪೆಯಷ್ಟು ಅಗಲ ಸಿಹಿ. ಒಬ್ಬರು ಮಲಗುವಷ್ಟು… ಆಗ ನನಗೆ ಹಾಗೆ ಹೊಳೆಯಲಿಲ್ಲ.

ಸದಣ್ಣ ಬಂದವನು ಬದುವಿನ ಮೇಲೇ ನಿಂತ. ಚಪ್ಪಲಿ ಕಳಚಿದ.

"ಅಲ್ಲಿ ಯಾಕೆ ಇಟ್ಟೆ?"

"ಎಂತಾಯ್ತು?"

"ಅಮ್ಮನನ್ನು ಸುಟ್ಟದ್ದು ಅಲ್ಲೇ."

ಬೂದಿಯ ಮೇಲೆ ಮಣ್ಣು ಏರಿಸಿ ಕಟ್ಟಿದ ದೂಪೆ ಮಳೆಗೆ ಬದು ಒಡೆದಾಗ ಕರಗಿ ಗದ್ದೆಗೆ ಸೇರಿತ್ತಂತೆ. ಮಾವಿನ ಸೌದೆಯ ಬೂದಿ, ದೊಡ್ಡಮ್ಮ. ಬೂದಿ ಹುಳಿಯನ್ನು ತೆಗೆಯುತ್ತದೆ. ಇದನ್ನು ನಾನೇ ಎಷ್ಟು ಸಲ ಪಾಠ ಮಾಡಿದ್ದೇನೆ. ಆದರೂ ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ತೆಗೆಯಲು ನನಗೆ ತುಂಬ ಹೊತ್ತು ಬೇಕಾಯಿತು. ನಿಮ್ಮ ಬೂದಿಯಲ್ಲಿ ಆ ಜೀವಿಗಳು ಕೊನೆಯ ಹಂತವನ್ನು ದಾಟುತ್ತಿದ್ದವು.

ಅತ್ತಿಗೆಗೆ ಸಮಾಧಾನವಾಗಲಿ ಎಂದು ಓಡಿಹೋಗಿ ಹೇಳಿದೆ: "ಇಡೀ ಗದ್ದೆಯಲ್ಲಿ ನಗೆ ಅನಿಲ ಇಲ್ಲದ್ದು ದೊಡ್ಡಮ್ಮ ಇರುವಲ್ಲಿ ಮಾತ್ರ. ಅವರು ನಗ್ತಾ ಇಲ್ಲ."

ಅವಳು ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಕೆಳಗಿಟ್ಟಳು. "ಹಾಗಾದರೆ ನಗುವುದು ಯಾರು?"

ಆ ಅನಿಲಕ್ಕೆ ಸದ್ದಿಲ್ಲ. ಮರುದಿನ ಬಿಸಿಲಿನಲ್ಲಿ ಒಬ್ಬಳೇ ಗದ್ದೆಯಲ್ಲಿ ನಿಂತೆ. ಗಾಳಿ ಇರಲಿಲ್ಲ, ಒಂದು ಕೊಕ್ಕರೆಯೂ ಇರಲಿಲ್ಲ. ಕೇಳಿತು. ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ, ಮಣ್ಣಿನ ಕೆಳಗಿನಿಂದ, ಮೊದಲು ಎಡಗಡೆ, ಆಮೇಲೆ ನನ್ನ ಬೆನ್ನ ಹಿಂದೆ. ಏಡಿಯ ಬಿಲಕ್ಕೆ ನೀರು ಇಳಿಯುವ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತ ನಾನು ಓಡಿ ನಿಂತದ್ದು ಎಲ್ಲಿ ಗೊತ್ತೇ? ನಿಮ್ಮ ಮೂಲೆಯಲ್ಲಿ. ಅಲ್ಲಿ ಮೌನವಾಗಿತ್ತು.

ಕಾರ್ಕಳದ ಲಾರಿ ಬರಲಿಲ್ಲ. "ಅಮ್ಮ ಅಲ್ಲಿ ಕೆಲಸ ಮಾಡ್ತಾ ಇದ್ದಾರೆ. ಅವರ ಮೇಲೆ ಕಲ್ಲುಪುಡಿ ಹಾಕುವುದು ಹೇಗೆ?" ಎಂದು ಸದಣ್ಣ ಕ್ವಾರಿಯವರಿಗೆ ಫೋನಿನಲ್ಲಿ ಹೇಳಿಬಿಟ್ಟ. ಉದ್ಯಾವರದಿಂದ ಹುಳಿ ತೆಗೆಯುವ ಚಿಪ್ಪಿನ ಸುಣ್ಣ ತಂದು ಉಳಿದ ಗದ್ದೆಗೆಲ್ಲ ಹಾಕಿದೆವು. ಒಂದೊಂದೇ ಪೆಟ್ಟಿಗೆಯಲ್ಲಿ ಅನಿಲ ಇಳಿಯಿತು. ಮಧ್ಯಾಹ್ನದ ಸದ್ದು ನಿಂತಿದೆ ಎನ್ನುತ್ತಾಳೆ ಅತ್ತಿಗೆ. ಈ ಸಲ ನೇಜಿ ನೆಟ್ಟವಳು ಅವಳೇ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದು ಉಂಟು. ಈ ಮಳೆಯಲ್ಲಿ ನಿಮ್ಮ ಮೂಲೆಯ ಪೆಟ್ಟಿಗೆಯಲ್ಲಿ ಅನಿಲ ನಿಧಾನವಾಗಿ ಏರತೊಡಗಿದೆ. ಬೂದಿ ತೊಳೆದುಹೋಗುತ್ತಿದೆ, ಹುಳಿ ಮರಳಿ ಬರುತ್ತಿದೆ. ಇದನ್ನು ಸದಣ್ಣನಿಗೆ ಮಾತ್ರ ಹೇಳಿದ್ದೆ. ನಿನ್ನೆ ಬೆಳಿಗ್ಗೆ ನೋಡುತ್ತೇನೆ, ಅತ್ತಿಗೆ ಬಚ್ಚಲ ಒಲೆಯ ಬೂದಿಯನ್ನು ಬಕೆಟಿನಲ್ಲಿ ಹೊತ್ತುಕೊಂಡು ಒಬ್ಬಳೇ ಗದ್ದೆಗೆ ಇಳಿಯುತ್ತಿದ್ದಳು. ಆ ಮೂಲೆಯಲ್ಲಿ ಬಗ್ಗಿ, ಮಗುವಿಗೆ ಹೊದಿಸಿದ ಹಾಗೆ ಕೈಯಿಂದ ಹರಡಿದಳು. "ಇನ್ನೂ ಸ್ವಲ್ಪ ದಿನ ಇರಿ ಅತ್ತೆ" ಎಂದದ್ದು ನನಗೆ ಕೇಳಿತು.

ಆ ಪೆಟ್ಟಿಗೆಯನ್ನು ನಾನು ಮಣಿಪಾಲಕ್ಕೆ ತಂದುಬಿಟ್ಟೆ. ಅಲ್ಲಿ ಇನ್ನು ಯಾವತ್ತೂ ಅಳೆಯುವುದಿಲ್ಲ, ದೊಡ್ಡಮ್ಮ. ನೀವು ಇದ್ದೀರೋ ಹೋದಿರೋ ಎಂದು ಯಂತ್ರವನ್ನು ಕೇಳುವ ಧೈರ್ಯ ನನಗಿಲ್ಲ.

ನಿಮ್ಮ
ನಯನಾ