ಕಾಕಿ ಚೀಲ

೯-೩-೯೮
ಸಂತೆ ದಿನ. ಇವರು ಏಳಕ್ಕೆ ಬಂದರು. ಕಾಕಿ ಚೀಲದ ತುಂಬ ತರಕಾರಿ. ಇವರ ಹಳೇ ಪ್ಯಾಂಟು ಬಿಚ್ಚಿ ನಾನೇ ಹೊಲಿದ ಚೀಲ, ಅದಕ್ಕೂ ಹನ್ನೊಂದು ವರ್ಷವಾಯಿತು. ಎಂದಿನಂತೆ ನೆಲದ ಮೇಲೆ ಸುರುವಿ ಆರಿಸುತ್ತ ಕೂತೆ. ಬದನೆಕಾಯಿ ಹುಳುಕು, ಅರ್ಧ ಕೊಯ್ದು ಒಗೆದೆ. ಮೆಂತ್ಯ ಹಳದಿ. ಟೊಮೆಟೊ ಮುಟ್ಟಿದರೆ ಬೆರಳು ಒಳಗೇ ಹೋಯಿತು.
"ಮುಂಜಾನೆ ಸಂತಿ ಮಾಡವ್ರಿಗೆ ರೊಕ್ಕ ಹೆಚ್ಚಾಗಿರತೈತಿ. ಸಂಜಿಮುಂದ ಹೋಗಬೇಕು," ಅಂದರು. ವಾರವಾರ ಅದೇ ಮಾತು.
ಇರಲಿ. ಸೇವಿಂಗ್ ಅಂದರೆ ಸೇವಿಂಗು. ನಮ್ಮವರ ಹಾಗೆ ಸಂತೆ ಮಾಡುವುದು ಯಾರಿಗೂ ಬರುವುದಿಲ್ಲ ಅಂತ ಪಕ್ಕದ ಮನೆ ಕಾಶೆವ್ವನ ಮುಂದೆ ನಾನೇ ಹೇಳಿಕೊಂಡು ಮೆರೆಯುತ್ತೇನೆ.

೧೪-೩
ಇವರ ಕಾಲು ಉಳುಕಿದೆ. ಆಫೀಸಿನ ಮೆಟ್ಟಿಲು. ಹದಿನೈದು ದಿನ ರೆಸ್ಟ್ ಅಂತೆ. ನನಗೆ ಮೊದಲು ಹೊಳೆದದ್ದು — ಸಂತೆಗೆ ಯಾರು? ನಾಚಿಕೆಯಾಯಿತು. ಆದರೂ ಖುಷಿ.
"ಲೇ, ನೀ ಹೋಗು. ಆರು ಬಡಿಯೂತನಕ ಹೋಗಬ್ಯಾಡ ಮತ್ತ," ಅಂದರು.

೧೬-೩, ಮಧ್ಯಾಹ್ನ
ಗಿರಣಿಗೆ ಅಂತ ಸುಳ್ಳು ಹೇಳಿ ಒಂಬತ್ತಕ್ಕೇ ಹೋದೆ. ನೀರು ಚಿಮುಕಿಸಿದ ಸೊಪ್ಪು. ತೊಟ್ಟಿನಲ್ಲಿ ಇನ್ನೂ ಸೊನೆ ಇದ್ದ ಮಾವಿನ ಮಿಡಿ. ಹೊಸ ಹುಣಸೆಹಣ್ಣು. ಊರ ಹೊರಗಿನ ಟಿಬೇಟಿ ಕ್ಯಾಂಪಿನ ಅಜ್ಜಿಯೊಬ್ಬಳು ಮೂಲಂಗಿ ಮುರಿದು ಅಲ್ಲೇ ತಿನ್ನುತ್ತಿದ್ದಳು. ನಾನೂ ಎಳೆ ಸೌತೆಕಾಯಿಗೆ ಉಪ್ಪು-ಖಾರ ಹಚ್ಚಿಸಿ ನಿಂತೇ ತಿಂದೆ. ಕರುಂ ಅಂತ ಕಡಿದು ಎಷ್ಟು ವರ್ಷವಾಗಿತ್ತೋ…
ಬದನೆಕಾಯಿ ಮಾರುವವಳು ನನ್ನ ಚೀಲವನ್ನೇ ನೋಡಿದಳು. ಹೆಸರು ಮಾಲವ್ವ, ಚಿಗಳ್ಳಿ ಊರಿನವಳಂತೆ.
"ಕರಿಬಸಪ್ಪನೋರ ಮನಿಯವ್ರೇನ್ರಿ? ಚೀಲದ ಮ್ಯಾಲೆ ಗುರ್ತ ಹಿಡದೆ. ಎಮ್ಮಿ ಹೆಂಗೈತ್ರಿ?"
"ಯಾವ ಎಮ್ಮಿ?"
"ಸಾಹೇಬ್ರು ವಾರಾವಾರಾ ಎಮ್ಮಿಗೆ ಅಂತ ಒಯ್ತಾರಲ್ರಿ. ನಾವು ಒಗಿಯೂದನ್ನೆಲ್ಲಾ ತಗದ ಇಟ್ಟಿರತೇನಿ. ಮೂಕ ಪ್ರಾಣಿ, ಅದಕ್ಕೇನ ರೊಕ್ಕಾ ತಗೊಳ್ಳೂದು?"
ನಮಗೆ ಎಮ್ಮೆ ಇಲ್ಲ. ಎಂದೂ ಇರಲಿಲ್ಲ.
ಇದ್ದದ್ದು ಹೇಳಿದರೆ ಊರ ತುಂಬ ಸುದ್ದಿ.
"ಚಲೋ ಐತಿ," ಅಂದೆ.
"ಹಾಲು?"
"ಕೊಡೂದು ಕೊಟ್ಟೈತಿ. ಈಗ ವಯಸ್ಸಾತು."
"ಕಟ್ಟೇ ಹಾಕಿರ್ತೀರೇನ್ರಿ? ಒಂದೀಟ ಹೊರಗ ಬಿಡ್ರಿ, ಪಾಪ."
"ಇವತ್ತ ಬಿಟ್ಟಾರ."
ಅವಳಿಗೆ ತಿಳಿಯಲಿಲ್ಲ. ಎಮ್ಮೆಗೆ ಅಂತ ತೆಗೆದಿಟ್ಟ ಹುಳುಕನ್ನೆಲ್ಲ ಚೀಲ ತುಂಬಿಸಿ ಕೊಟ್ಟಳು. ದಾರಿಯಲ್ಲಿ ಗಟಾರಕ್ಕೆ ಸುರುವಿದೆ. ಕಾಶೆವ್ವನಿಗೆ ಎಷ್ಟು ಸಲ ಬಟ್ಟಲು ತುಂಬ ಆ ಪಲ್ಯ ಕೊಟ್ಟಿದ್ದೇನೋ.

೨೩-೩
ಇವರನ್ನು ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಈ ವಾರವೂ ನಾನೇ ಹೋದೆ. ಮಾಲವ್ವ ಗಂಟು ಕಟ್ಟಿ ಇಟ್ಟಿದ್ದಳು.
"ಬ್ಯಾಡವಾ. ಎಮ್ಮಿ ಸತ್ತ ಹೋತು."
ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಅತ್ತೆ. ನಾಟಕವಲ್ಲ.
ದುಡ್ಡು ಕೊಟ್ಟು ಅರ್ಧ ಕಿಲೋ ಎಳೆ ಬದನೆಕಾಯಿ ತಂದು ಎಣಗಾಯಿ ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡರು. ತಿಂದಾದ ಮೇಲೆ, "ಎಷ್ಟ ಕೊಟ್ಟಿ?"
"ಪುಕ್ಕಟೆ," ಅಂದೆ. ಮುಖ ನೋಡಿದೆ. ಆ ಮುಖಕ್ಕೆ ಏನೂ ಆಗಲಿಲ್ಲ. ಮೆಚ್ಚಿ ತಲೆ ಆಡಿಸಿದರು.

೩೦-೩, ಸಂಜೆ ಏಳೂವರೆ
ಕಾಲು ನೆಟ್ಟಗಾಗಿದೆ. ಆರಕ್ಕೆ ಚೀಲ ಹಿಡಿದು ಹೊರಟರು. ಬರಿಗೈಯಲ್ಲಿ ಬರುತ್ತಾರೆ, ಆಗಲಾದರೂ ನಾಚಿಕೆಯಾದೀತು ಅಂತ ಕಾದೆ. ವಾರವಿಡೀ ಅದನ್ನೇ ಕಾದಿದ್ದೆ.
ಚೀಲ ತುಂಬಿಸಿಕೊಂಡು ಬಂದರು. ನಗುತ್ತ.
"ಎಮ್ಮಿ ಸತ್ತೈತಿ ಅಂದ್ಯಂತ. ತಲಿ ಐತೇನ ನಿನಗ? ಹೊಸಾದು ಕಟ್ಟೇವಿ ಅಂತ ಹೇಳಿ ಬಂದೆ. ಮಾಲವ್ವ ಭಾಳ ಖುಷಿ ಆದ್ಲು. ಇದನ್ನ ಕೊರಳಿಗೆ ಕಟ್ರಿ ಅಂತ ಕೊಟ್ಲು."
ಕರಿ ದಾರದಲ್ಲಿ ಸಣ್ಣ ಹಿತ್ತಾಳೆ ಗಂಟೆ. ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋದರು. "ಲೇ, ಬಡಸು. ಹಸದೇನಿ," ಅಂತ ಅಲ್ಲಿಂದಲೇ.
ಬಡಿಸಿದೆ. ಚೀಲದಲ್ಲಿದ್ದದ್ದನ್ನು ಹಾಗೇ, ತೊಳೆಯದೆ, ಹುಳದ ಸಮೇತ, ತಾಟಿನ ತುಂಬ. ಗಂಟೆಯನ್ನು ನೀರಿನ ತಂಬಿಗೆಯ ಪಕ್ಕಕ್ಕಿಟ್ಟೆ. ಒಳಗೆ ಬಂದು ಬರೆಯುತ್ತಿದ್ದೇನೆ.
ಮಣೆ ಎಳೆದರು. ಕೂತರು. ಆಮೇಲೆ ಗಂಟೆ ಸದ್ದಾಯಿತು, ಎತ್ತಿ ನೋಡಿದರೇನೋ.
"ಶಿವವ್ವಾ."
ಮದುವೆಯಾಗಿ ಹದಿನೆಂಟು ವರ್ಷ. ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಇನ್ನೊಮ್ಮೆ ಕರೆಯಲಿ. ಆಮೇಲೆ ಏಳುತ್ತೇನೆ.