ಮಗುಚಿ ನೋಡಿ ಕೊಳ್ಳಿ, ಹಂಪವ್ವಜ್ಜಿ

ಗುಳೇದಗುಡ್ಡ
ಫೆಬ್ರುವರಿ ೩೦, ೨೧೯೧

ನನ್ನ ಮುತ್ತಜ್ಜಿಯ ಮುತ್ತಜ್ಜಿ ಹಂಪವ್ವನವರಿಗೆ ಬಾಳವ್ವಳ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಇದು ಹಿಂದಂಚೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೊಂದೇ ಹಾಳೆ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ನಾಳೆ ನೀವು ಮಗ್ಗಕ್ಕೆ ಕಂಪ್ಯೂಟರ್ ತರಲು ಬಾಗಲಕೋಟೆಗೆ ಹೋಗುತ್ತೀರಿ. ಚೀಲದಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಇರುತ್ತದೆ. ಎಲ್ಲರಿಗೂ ತೆರೆದ ವ್ಯವಸ್ಥೆ, ಯಾರೂ ಕಸಿದುಕೊಳ್ಳಲಾರರು ಎಂದು ನೀವೇ ಆರಿಸಿದ್ದು. ಅಂಗಡಿಯವನು ಮಿರಿಮಿರಿ ಮಿಂಚುವ ಯಂತ್ರ ತೋರಿಸಿ, "ಎಲ್ಲಾ ನಡೀತೈತ್ರೀ ಅಮ್ಮಾರ, ಚಿಂತಿ ಬಿಡ್ರಿ" ಎನ್ನುತ್ತಾನೆ. ಕುಪ್ಪಸದ ಖಣ ಕೊಳ್ಳುವಾಗ ಮಗುಚಿ ಬೆನ್ನಿನ ನೂಲು ನೋಡದೆ ಬಿಡದ ನೀವು, ಅಲ್ಲಿ ಮುಖ ನೋಡಿ ಮರುಳಾದಿರಿ. ನಿಮಗೆ ಅದು ನಾಳೆ, ನನಗೆ ಹಳೆಯ ಕಥೆ. ಮನೆಗೆ ತಂದರೆ ಅದರೊಳಗಿನ ಮಗ್ಗ ನಡೆಸುವ ಕಾರ್ಡಿಗೂ ಲಿನಕ್ಸಿಗೂ ಎಣ್ಣೆ ಸೀಗೆಕಾಯಿ. ಬೇರೆ ದಾರಿಯಿಲ್ಲದೆ ನಮ್ಮ ಮನೆತನದ ಗುಬ್ಬಿಸಾಲಿನ ಖಣದ ನಕ್ಷೆಯನ್ನು ಆ ಯಂತ್ರದ ಕಂಪನಿಯ ಬೀಗದ ವ್ಯವಸ್ಥೆಯಲ್ಲೇ ಇಟ್ಟಿರಿ. ಕಂಪನಿ ಮುಚ್ಚಿತು, ಬೀಗ ಉಳಿಯಿತು. ಕೈಯಲ್ಲಿ ಆ ನೇಯ್ಗೆ ಬಲ್ಲವರು ನಿಮ್ಮ ಹಿಂದೆಯೇ ಹೋದರು. ನಿಮ್ಮ ಮೇಲೆ ಸಿಟ್ಟು ಬಂದದ್ದುಂಟು, ಸುಳ್ಳು ಹೇಳಲಾರೆ.

ನಾವೀಗ ಗಂಡು ಹೆಣ್ಣಿನ ಜಾತಕ ಕೂಡಿಸುವುದನ್ನು ಬಿಟ್ಟಿದ್ದೇವೆ. ಸಾಲಾವಳಿ ನೋಡುವುದು ಯಂತ್ರಕ್ಕೂ ಲಿನಕ್ಸಿಗೂ ಮಾತ್ರ. ಓಣಿಯ ಹೆಂಗಸರೆಲ್ಲ ಅಂಗಡಿಯಲ್ಲೇ ಕೂತು, ನಮ್ಮ ಪೆನ್‌ಡ್ರೈವಿನಿಂದಲೇ ಅದನ್ನು ಎಬ್ಬಿಸುತ್ತೇವೆ. ವೈಫೈ ಹಿಡಿಯುತ್ತದೆಯೇ, ದನಿ ಬರುತ್ತದೆಯೇ, ಮಲಗಿಸಿದರೆ ಮತ್ತೆ ಏಳುತ್ತದೆಯೇ ಎಂದು ನೋಡುತ್ತೇವೆ. ಹಿಂದೆ ಅಳಿಯಂದಿರಿಗೂ ಇಷ್ಟು ಪರೀಕ್ಷೆ ಇರಲಿಲ್ಲವಂತೆ. ಕೊನೆಗೆ ಮಗ್ಗದ ತಂತಿ ಸಿಕ್ಕಿಸಿ ಒಂದು ಎಳೆ ಎತ್ತಿಸುತ್ತೇವೆ. ಎತ್ತದಿದ್ದರೆ ಎದ್ದು ಬರುತ್ತೇವೆ, ಅವರ ಚಹಾ ಕುಡಿದಿದ್ದರೂ ಸರಿ.

ನಾಳೆ ನೀವೂ ಅಷ್ಟು ಮಾಡಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಇಕ್ಕಲಿ. ಮೂಲೆಯಲ್ಲಿ ಮಂಕಾದ, ದಪ್ಪನೆಯ ಹಳೆ ಮಾದರಿಯೊಂದಿದೆ. ಅದರ ಕಾರ್ಡು ಲಿನಕ್ಸಿಗೆ ಒಗ್ಗುತ್ತದೆ. ಅದನ್ನೇ ತನ್ನಿ.

ನನ್ನ ಮಗಳು ಗಂಗವ್ವನ ಮದುವೆ ಹತ್ತಿರ ಬಂತು. ಗುಬ್ಬಿಸಾಲಿನ ಕುಪ್ಪಸವಿಲ್ಲದೆ ನಮ್ಮ ಮನೆಯ ಹೆಣ್ಣು ಹಸೆಗೆ ಏರಬಾರದು ಎಂದವರು ನೀವೇ. ಬೀಗರು ಬೇರೆ ಖಣ ತರುತ್ತೇವೆ ಎಂದರು, ಬೇಡ ಎಂದಿದ್ದೇನೆ. ಬೀಗ ಬಿದ್ದ ನಿಮ್ಮ ಯಂತ್ರವನ್ನು ಅಟ್ಟದಿಂದ ಇಳಿಸಿ ಮಗ್ಗಕ್ಕೆ ಜೋಡಿಸಿದ್ದೇನೆ. ನಾಳೆ ನೀವು ಆ ಹಳೆ ಮಾದರಿ ತಂದರೆ, ಇಲ್ಲಿರುವುದೂ ಅದೇ ಆಗಿಬಿಡುತ್ತದೆ. ಹಾಸು ಹೂಡಿ ಆಗಿದೆ. ಮೊದಲ ಗುಬ್ಬಿ ಮೂಡುವ ತನಕ ನಾನು ಇಲ್ಲಿಂದ ಏಳುವವಳಲ್ಲ.

ಬಾಳವ್ವ