ನಾಲ್ಕನೇ ಮಹಡಿಯ ಪ್ಯಾರಿಸ್

ಸೋಮವಾರ, ಜುಲೈ 11. ಬೆಳಿಗ್ಗೆ 7

ಅಮ್ಮನ ಕಾಲಿಗೆ ಮುಲಾಮು ತಿಕ್ಕಿದ್ದಾಯಿತು. ಮೂರು ಮಾತ್ರೆ ಕೊಟ್ಟೆ. ನಾಲ್ಕನೆಯದು ಕಾಫಿ ಆದಮೇಲೆ. ನಮ್ಮೂರು ಲುಗೊದಲ್ಲಿ ಮಾಡೋದೇ ಇಲ್ಲೂ. ಅಡುಗೆಮನೆ ಮಾತ್ರ ಬೇರೆ, ಚಮಚ ಹುಡುಕಬೇಕು.

ನಿನ್ನೆ ಸಂಜೆ ಬಂದಿಳಿದೆವು. ತಮ್ಮ ಎಲಾದಿಯೊ, ಅವನ ಹೆಂಡತಿ ಮೈತೆ, ಮಗಳು ಸಾಬೆಲಾ, ಅಮ್ಮ, ನಾನು. ಒಂದು ವಾರಕ್ಕೆ ಹಿಡಿದ ಬಾಡಿಗೆ ಮನೆ, ನಾಲ್ಕನೇ ಮಹಡಿ. ಲಿಫ್ಟು ಬೆಂಕಿಪೊಟ್ಟಣದಷ್ಟು. ಅಮ್ಮ, ಅಮ್ಮನ ಕೋಲು, ನಾನು. ಅಷ್ಟಕ್ಕೇ ಭರ್ತಿ.

ಹತ್ತೊಂಬತ್ತನೇ ವಯಸ್ಸಲ್ಲಿ ಅಮ್ಮ ಇದೇ ಊರಿಗೆ ಮನೆಗೆಲಸಕ್ಕೆ ಬಂದಿದ್ದವಳು. ಮೂರು ವರ್ಷ ಇದ್ದಳು. "ಸಾಯೋದ್ರೊಳಗೆ ಇನ್ನೊಂದ್ಸಲ ಪ್ಯಾರಿಸ್ ನೋಡ್ಬೇಕು ಅಂತ ಅಮ್ಮಂಗೆ ಆಸೆ ಅಕ್ಕಾ. ನೀನು ಬರ್ದೆ ಇದ್ರೆ ಆಗಲ್ಲ" ಅಂದಿದ್ದ ಎಲಾದಿಯೊ, ಅವನಿರೋ ಊರಿಂದ ಫೋನಲ್ಲಿ. ಬೇಕರಿಯಲ್ಲಿ ಕಾಡಿ ಬೇಡಿ ರಜ ತಗೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ, ಜುಲೈಯಲ್ಲಿ.

ಮೈತೆ ಬಾಗಿಲು ತಟ್ಟುತ್ತಿದಾಳೆ. ಗೋಪುರಕ್ಕೆ ಹೊರಡಬೇಕಂತೆ.

ಮಂಗಳವಾರ, 12. ಮಧ್ಯಾಹ್ನ

ನಿನ್ನೆ ಗೋಪುರ ನೋಡಿದೆವು. ನೋಡಿದೆವು ಅಂದರೆ... ಅವರು ಮೂವರೂ ಮೇಲೆ ಹತ್ತಿದರು, ನಾನೂ ಅಮ್ಮನೂ ಬೆಂಚಿನ ಮೇಲೆ ಕೂತು ಅದರ ಕಾಲು ನೋಡಿದೆವು. ಅಮ್ಮನಿಗೆ ಕತ್ತು ಎತ್ತೋಕಾಗಲ್ಲ. "ದಪ್ಪ ಕಬ್ಬಿಣ" ಅಂದಳು. ಅಷ್ಟೇ.

ಇವತ್ತು ಬೆಳಿಗ್ಗೆ ಲಿಫ್ಟು ನಿಂತಿತು. ಗುಂಡಿ ಒತ್ತಿದರೆ ಒಳಗೆ ಯಾರೋ ಹಲ್ಲು ಕಡಿದ ಹಾಗೆ ಸದ್ದು. ಮನೆ ಮಾಲೀಕನಿಗೆ ಎಲಾದಿಯೊ ಫೋನ್ ಮಾಡಿದ. ನಾಳೆ ರಿಪೇರಿಯವರು ಸಿಗಲ್ಲವಂತೆ, ಗುರುವಾರ ರಾಷ್ಟ್ರೀಯ ಹಬ್ಬ, ಶುಕ್ರವಾರ ಅದಕ್ಕೆ ಅಂಟಿದ ರಜ. ರಿಪೇರಿ ಸೋಮವಾರ. ನಾವು ಹೊರಡೋದು ಭಾನುವಾರ.

ಸೊಂಟದ ಆಪರೇಷನ್ ಆದಮೇಲೆ ಅಮ್ಮ ಒಂದೇ ಸಮ ಹತ್ತು ಹೆಜ್ಜೆ ಇಟ್ಟರೆ ಹೆಚ್ಚು. ಮೆಟ್ಟಿಲು ಎಪ್ಪತ್ತೆರಡು. ಸಾಬೆಲಾ ಎಣಿಸಿ ಬಂದಳು.

"ಭಾನುವಾರ ಇಬ್ಬರು ಆಳು ಕರೆದು ಎತ್ತಿಸಿಬಿಡೋಣ" ಅಂದ ಎಲಾದಿಯೊ. "ದಿನಾ ಎತ್ತಿಸೋಕಾಗುತ್ತಾ?"

"ಮ್ಯೂಸಿಯಂ ಟಿಕೆಟ್ ಆಗಲೇ ತಗೊಂಡ್ಬಿಟ್ಟಿದೀವಿ ಅತ್ತಿಗೆ. ಅತ್ತೇನ ನೀವು ನೋಡ್ಕೋತೀರಲ್ಲ" ಅಂದಳು ಮೈತೆ.

ಅದು ಪ್ರಶ್ನೆ ಅಲ್ಲ.

ಗುರುವಾರ, 14. ಬೆಳಿಗ್ಗೆ 11

ಒಳಗೇ ಕೂತು ಮೂರನೇ ದಿನ. ಬೀಗದಕೈ ಒಂದೇ, ಅದು ಎಲಾದಿಯೊ ಜೇಬಲ್ಲಿ. ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತೆ. ಅಮ್ಮ ಮಲಗಿದಾಗ ಒಂದು ಸುತ್ತು ಹೋಗಿಬರೋಣ ಅಂದರೆ ವಾಪಸ್ ಬರೋದು ಹೇಗೆ? ಎದ್ದವಳಿಗೆ ಕಕ್ಕಸಿಗೆ ಹೋಗೋಕೂ ನನ್ನ ಕೈ ಬೇಕು.

ಕಿಟಕಿ ತೆರೆದರೆ ಒಳಅಂಗಳ. ನಾಲ್ಕು ಗೋಡೆ, ಕೆಳಗೆ ಕಸದ ಡಬ್ಬ, ಮೇಲೆ ಕರ್ಚೀಫಿನಷ್ಟು ಆಕಾಶ. ಎದುರು ಕಿಟಕಿಯಲ್ಲಿ ನೀಲಿ ಅಂಗಿ ಒಣಹಾಕಿದಾರೆ. ಮಂಗಳವಾರದಿಂದ ಅದೇ ಅಂಗಿ. ಎಲ್ಲೋ ಬ್ಯಾಂಡು ಬಾರಿಸ್ತಿದಾರೆ. ಹಬ್ಬದ ಮೆರವಣಿಗೆ ಇರಬೇಕು. ಸಾಬೆಲಾ ಫೋಟೊ ಕಳಿಸ್ತಾಳೆ: ಅರಮನೆ, ಐಸ್‌ಕ್ರೀಮು, ಅವಳಪ್ಪನ ಹೊಸ ಟೋಪಿ. "ಅತ್ತೆ, ನೀನೂ ಇರ್ಬೇಕಿತ್ತು." ಹೃದಯದ ಚಿತ್ರ ಹಾಕಿ ಉತ್ತರಿಸಿದೆ.

ಇವತ್ತು ತಿಂಡಿ ಹೊತ್ತಿಗೆ ಎಲಾದಿಯೊ ಅಡುಗೆಮನೆಗೆ ಬಂದು ಪಕ್ಕ ನಿಂತ. ಬೆಣ್ಣೆ ಹಚ್ಚಿದ ದನಿ.

"ಅಕ್ಕಾ, ಒಂದ್ ಮಾತು. ಸೆಪ್ಟೆಂಬರಿಂದ ಬೇಕರಿ ಬಿಟ್ಬಿಡೇ. ಹಗಲು ಅಮ್ಮನ್ನ ನೋಡ್ಕೊಳೋಕೆ ಹೊರಗಿನವರು ಯಾಕೆ? ನೀನಿರೋವಾಗ."

"ನನ್ನ ಕೆಲಸ ಕಣೋ ಅದು."

"ನಿಂತು ನಿಂತು ಬ್ರೆಡ್ ಮಾರೋದು ಒಂದ್ ಕೆಲ್ಸಾನಾ? ನಿಂಗೇನ್ ಗಂಡನಾ ಮಕ್ಕಳಾ? ಆರಾಮಾಗಿ ಮನೇಲಿರು."

ಕೈಯಲ್ಲಿ ಬಾಣಲೆ ಇತ್ತು. ತೊಳೆಯುತ್ತಲೇ ಇದ್ದೆ. ಆಗಲೇ ತೊಳೆದಿದ್ದ ಬಾಣಲೆ.

ಈ ಮಾತು ಹೇಳೋಕೇ ಕರ್ಕೊಂಡು ಬಂದನಾ ಇಷ್ಟು ದೂರ?

ಶುಕ್ರವಾರ, 15. ಮಧ್ಯಾಹ್ನ 3

ಬರೀಬೇಕು ಇದನ್ನ. ಅಮ್ಮ ಈಗ ತೂಕಡಿಸ್ತಿದಾಳೆ.

ಊಟ ಆದಮೇಲೆ ಸುಮ್ಮನೆ ಕೇಳಿದೆ. "ಇಷ್ಟು ಆಸೆ ಪಟ್ಟು ಬಂದೆ, ಏನೂ ನೋಡೋಕಾಗಲಿಲ್ಲವಲ್ಲಮ್ಮ."

"ಯಾರಿಗೆ ಆಸೆ?"

"ನಿನಗೆ. ಎಲಾದಿಯೊ ಹೇಳಿದ."

ಅಮ್ಮ ನನ್ನ ಮುಖ ನೋಡಿದಳು. "ನಂಗೇನು ಹುಚ್ಚಾ ಎರ್ಮಿನಿಯಾ? ಈ ಸೊಂಟ ಇಟ್ಕೊಂಡು? ನಿನಗೆ ಆಸೆ ಅಂತ ಹೇಳ್ದ ನಂಗೆ. ಅಕ್ಕ ಎಲ್ಲೂ ಹೋದೋಳಲ್ಲ, ನೀನು ಹೊರಟ್ರೆ ಅವಳೂ ಹೊರಡ್ತಾಳೆ ಅಂದ. ನಿನಗೋಸ್ಕರ ಬಂದೆ."

ಊಟದ ತಟ್ಟೆ ಎತ್ತಿಟ್ಟು ಬಂದು ಕೂತೆ.

ಆಮೇಲೆ ಅವಳೇ ಶುರುಮಾಡಿದಳು. ಎಂಬತ್ತರ ಹತ್ತಿರ ಬಂದಳು, ಇಷ್ಟು ದಿನ ಒಂದು ಸಲವೂ ಹೇಳಿದವಳಲ್ಲ. ಕೆಲಸಕ್ಕಿದ್ದಾಗ ಅವಳಿಗೆ ಆರನೇ ಮಹಡಿಯ ಮೇಲೆ ಹೆಂಚಿನಡಿ ಒಂದು ಗೂಡು. ಕೆಲಸದವರಿಗೆ ಹಿಂದಿನ ಮೆಟ್ಟಿಲು, ಲಿಫ್ಟು ಮುಟ್ಟೋ ಹಾಗಿಲ್ಲ. ಭಾನುವಾರ ಮಧ್ಯಾಹ್ನ ಬಿಡುವು ಅಂತ ಹೆಸರಿಗೆ. ಆದರೆ ಯಜಮಾನಿಯ ಅತ್ತೆ ಹಾಸಿಗೆ ಹಿಡಿದಿದ್ದಳು. "'ನೀನು ನೋಡ್ಕೋತೀಯಲ್ಲ ಬಾಲ್ಬಿನಾ' ಅಂತಿದ್ಲು ಯಜಮಾನಿ, ಕೈಗವಸು ಹಾಕ್ಕೋತಾ. ನೋಡ್ಕೊಂಡೆ. ಮೂರು ವರ್ಷ. ಊರಿಗೆ ಕಾಗದ ಬರೀತಿದ್ದೆ, ಇವತ್ತು ನದಿ ನೋಡ್ದೆ, ಇವತ್ತು ತೋಟ ನೋಡ್ದೆ ಅಂತ. ಎಲ್ಲಾ ಸುಳ್ಳು. ಅಲ್ಲಿಗೆ ಹೋಗಿಬಂದ ಬೇರೆ ಹುಡುಗಿಯರು ಹೇಳಿದ್ದನ್ನ ಬರೀತಿದ್ದೆ."

"ಯಾಕಮ್ಮ ಯಾರಿಗೂ ಹೇಳ್ಲಿಲ್ಲ?"

"ಏನಂತ ಹೇಳೋದು? ಪ್ಯಾರಿಸ್‌ಗೆ ಹೋಗಿ ಒಬ್ಬಳು ಮುದುಕಿ ಅಂಡು ತೊಳ್ದೆ ಅಂತಲಾ?"

ನಕ್ಕಳು. ನಗು ಅರ್ಧಕ್ಕೇ ನಿಂತಿತು. ನನ್ನ ಕೈ ನೋಡ್ತಿದ್ದಳು, ಮುಲಾಮಿನ ಡಬ್ಬಿ ಹಿಡಿದಿದ್ದೆ.

ಶನಿವಾರ, 16. ಬೆಳಿಗ್ಗೆ 9

ಅವರು ಮೂವರೂ ಹೊರಟರು, ಚರ್ಚು ನೋಡೋಕೆ. ಎರಡೂವರೆಗೆ ಬರ್ತಾರಂತೆ.

ಬಾಗಿಲು ಮುಚ್ಚಿದ ತಕ್ಷಣ ಅಮ್ಮ: "ಬೂಟು ಕೊಡು."

"ಎಲ್ಲಿಗೆ?"

"ಕೆಳಗೆ."

"ಅಮ್ಮ, ಎಪ್ಪತ್ತೆರಡು."

"ಕೂತ್ಕೊಂಡು ಇಳೀತೀನಿ. ಮಕ್ಕಳು ಇಳಿಯಲ್ವಾ?"

"ಬಿದ್ರೆ? ಬಾಗಿಲು ಎಳೆದ್ರೆ ಮುಗೀತು, ವಾಪಸ್ ಒಳಗೆ ಬರೋಕಾಗಲ್ಲ."

"ಗೊತ್ತು. ಅದಕ್ಕೇ ಮೊದಲು ಕಕ್ಕಸಿಗೆ ಕರ್ಕೊಂಡ್ ಹೋಗು."

ಬೇಡ ಅನ್ನಬೇಕು ನಾನು. ಬೂಟಿನ ದಾರ ಕಟ್ಟಿದೆ. ಮಾತ್ರೆ, ನೀರು, ಟವೆಲ್ಲು, ಈ ಪುಸ್ತಕ, ಎಲ್ಲಾ ಚೀಲಕ್ಕೆ.

ಅದೇ ದಿನ, 12.30. ಎದುರಿನ ಕಾಫಿ ಅಂಗಡಿ

ಇಳಿದೆವು.

ಒಂದು ಗಂಟೆ ನಲವತ್ತು ನಿಮಿಷ. ಕೆಳಗೆ ಟವೆಲ್ಲು ಹಾಸಿ ಒಂದೊಂದೇ ಮೆಟ್ಟಿಲು. ನಾನು ಎರಡು ಮೆಟ್ಟಿಲು ಕೆಳಗೆ ಹಿಮ್ಮುಖವಾಗಿ, ಅವಳ ಪಾದ ಹಿಡಿದು. ಮೂರನೇ ಮಹಡಿ ದಾಟಿ ಎರಡನೆಯದು ಮುಟ್ಟೋ ಹೊತ್ತಿಗೆ ಅವಳ ಕಾಲು ಸೆಳೆತ ಹಿಡೀತು, ಮುಖ ಸುಣ್ಣ. ಸತ್ತೇಹೋಗ್ತಾಳೆ ಅಂದ್ಕೊಂಡೆ. ಎಲಾದಿಯೊಗೆ ಫೋನ್ ಮಾಡ್ತೀನಿ ಅಂದೆ.

"ಮಾಡಿದ್ರೆ ಇಲ್ಲೇ ಕೂತಿರ್ತೀನಿ, ಏಳಲ್ಲ" ಅಂದಳು.

ಎರಡನೇ ಮಹಡಿಯ ಹೆಂಗಸು ಸೊಪ್ಪಿನ ಚೀಲ ಹಿಡಿದು ಹತ್ತಿ ಬಂದಳು. ನಮ್ಮನ್ನ ನೋಡಿ ನಿಂತಳು. ಒಳಗೆ ಹೋಗಿ ದಿಂಬು, ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು, ಉಸಿರು ತಿರುಗೋವರೆಗೆ.

ಕಾಫಿ ಅಮ್ಮನೇ ಹೇಳಿದಳು, ಅರವತ್ತು ವರ್ಷದ ಹಿಂದಿನ ಫ್ರೆಂಚಲ್ಲಿ. ಮಾಣಿ ಕಣ್ಣರಳಿಸಿದ. ಅವಳಿಗೆ ಬರೋದು ಕೆಲಸದವಳ ಮಾತು ಮಾತ್ರ: "ದೊರೆಗಳು ಅಪ್ಪಣೆ ಕೊಟ್ಟರೆ ಎರಡು ಕಾಫಿ" ಅಂದಂತಾಯಿತಂತೆ. ಅವನೂ ಬಗ್ಗಿ ನಮಸ್ಕಾರ ಮಾಡಿದ.

ಬಿಸಿಲು. ಬಸ್ಸು ಹೋಗುತ್ತೆ, ನಾಯಿ ಹೋಗುತ್ತೆ. ಅಮ್ಮ ಎಲ್ಲಾ ನೋಡ್ತಿದಾಳೆ, ಒಂದೂ ಬಿಡದೆ.

4.20. ನದಿ ದಂಡೆ

ಅವರು ಬಂದಾಗ ನಾವು ಮೂರನೇ ಕಾಫಿಯಲ್ಲಿ.

ಎಲಾದಿಯೊ ರಸ್ತೆ ಮಧ್ಯದಲ್ಲೇ ನಿಂತ. "ಅಕ್ಕಾ, ಏನಿದು? ತಲೆ ಕೆಟ್ಟಿದೆಯಾ? ಬಿದ್ದು ಸೊಂಟ ಮುರಿದಿದ್ರೆ?"

"ಮುರಿದಿಲ್ಲ" ಅಂದಳು ಅಮ್ಮ.

"ಈಗ ಹತ್ತಿಸೋದ್ ಹೇಗೆ?"

"ಆಳು ಕರೆಸ್ತೀನಿ ಅಂದ್ಯಲ್ಲ. ಕರೆಸು."

ಆಗ ನಾನು ಹೇಳಿದೆ. ದನಿ ಏರಲಿಲ್ಲ, ಬೇಕರಿಯಲ್ಲಿ ಬ್ರೆಡ್ ಖಾಲಿ ಅಂತ ಹೇಳೋ ಹಾಗೇ ಬಂತು. "ಬೇಕರಿ ಬಿಡಲ್ಲ ಎಲಾದಿಯೊ. ವರ್ಷದಲ್ಲಿ ಆರು ತಿಂಗಳು ಅಮ್ಮ ನಿಮ್ಮನೇಲಿ."

"ಆರು ತಿಂಗಳಾ?" ಅಂದಳು ಮೈತೆ. ಕುರ್ಚಿ ಎಳೆದು ಕೂತಳು.

"ನನ್ನನ್ನ ಆಲೂಗಡ್ಡೆ ಮೂಟೆ ಥರ ಹಂಚ್ಕೋಬೇಡಿ" ಅಂದಳು ಅಮ್ಮ. ಕಣ್ಣು ತುಂಬಿತ್ತು. ನನಗೂ ಚುಚ್ಚಿತು. ನಾನೂ ಕೇಳಿರಲಿಲ್ಲವಲ್ಲ ಅವಳನ್ನ. ಆಮೇಲೆ ಮೂಗು ಒರೆಸ್ಕೊಂಡು: "ಚಳಿಗಾಲ ನಿಮ್ಮೂರಿಗೆ ಬರ್ತೀನಿ. ಲುಗೊ ಥಂಡಿ ಆಗಲ್ಲ ನಂಗೆ. ವಸಂತಕ್ಕೆ ನನ್ನ ಮನೆಗೆ ಬಿಡಬೇಕು. ಮಾತಾಡಿಕೊಳ್ಳಿ ಗಂಡ ಹೆಂಡ್ತಿ."

ಎಲಾದಿಯೊ ಟೋಪಿ ತೆಗೆದು ಮೇಜಿನ ಮೇಲಿಟ್ಟ. ನಾಳೆ ವಿಮಾನದಲ್ಲಿ ಮತ್ತೆ ಶುರುಮಾಡ್ತಾನೆ, ಗೊತ್ತು. ಮಾಡಲಿ.

ಮಾತ್ರೆ ತೆಗೆದು ಮೇಜಿನ ಮೇಲಿಟ್ಟೆ, ಚೀಲ ಎತ್ಕೊಂಡು ಎದ್ದೆ. "ಎಲ್ಲಿಗೆ ಅಕ್ಕಾ?" ಅಂದ.

"ಗೊತ್ತಿಲ್ಲ. ಅಮ್ಮನ ಮಾತ್ರೆ ಐದಕ್ಕೆ, ನೀಲಿ ಡಬ್ಬಿ. ನೀನು ನೋಡ್ಕೋತೀಯಲ್ಲ."

ಸಾಬೆಲಾ ಎದ್ದಳು ಜೊತೆಗೆ. ಬೇಡ ಪುಟ್ಟಿ ಅಂದೆ. ಪಾಪ ಅನಿಸಿತು. ಆದರೂ ಬೇಡ.

ಅರ್ಧ ಗಂಟೆ ಸುಮ್ಮನೆ ನಡೆದೆ. ಯಾರ ಕೈಯೂ ತೋಳ ಮೇಲಿಲ್ಲ. ಹೆಜ್ಜೆ ಬೇಗ ಬೇಗ ಬೀಳುತ್ತೆ, ನಾನೇ ತಡೀಬೇಕು. ನದಿ ಹಸಿರು, ಅಂದ್ಕೊಂಡಷ್ಟು ಅಗಲ ಇಲ್ಲ. ದಂಡೆಯ ಕಲ್ಲು ಬೆಚ್ಚಗಿದೆ. ಊರು ಸುತ್ತಿಸೋ ದೋಣಿಗೆ ಜನ ಸಾಲು ನಿಂತಿದಾರೆ. ನಾನೂ ನಿಂತೆ, ನಿಂತೇ ಬರೀತಿದೀನಿ. ಮುಂದೆ ಮೂರು ಜನ. ಈಗ ಇಬ್ಬರು.

ಟಿಕೆಟಿನವನು ನನ್ನ ಹಿಂದೆ ಮುಂದೆ ನೋಡಿ ಎಷ್ಟು ಜನ ಅಂತ ಬೆರಳಲ್ಲಿ ಕೇಳ್ತಿದಾನೆ. ಒಬ್ಬಳೇ.